ಬಿಳಿ ಚಿಟ್ಟೆ ಎಲ್ಲಿಯ ಪೀಡೆ?

ಕೃಷಿ ಕೀಟಶಾಸ್ತ್ರದ ಪುಸ್ತಕ ಬಿಚ್ಚಿದರೆ ಅದು ಪೀಡೆ. ಚಿಟ್ಟೆ ನೋಡುವವರ ಕೈಪಿಡಿ ಬಿಚ್ಚಿದರೆ ಅದು ‘ತೀರಾ ಸಾಮಾನ್ಯ’. ಲಿನಿಯಸ್ 1758ರಲ್ಲಿ ಹೆಸರಿಟ್ಟ, ಈಗ ವಿಜ್ಞಾನಿಗಳು ಪಿಯರಿಸ್ ರಾಪೆ ಎಂದು ಕರೆಯುವ ಸಣ್ಣ ಬಿಳಿ ಚಿಟ್ಟೆಯ ಪಾಡು ಇದು. ಮೊದಲ ಪುಸ್ತಕ ಅದನ್ನು ಕೊಲ್ಲುವ ಬಗೆ ಹೇಳಿ ಮುಗಿಸುತ್ತದೆ. ಎರಡನೆಯದು ಅದನ್ನು ದಾಟಿ ಅಪರೂಪದ ಚಿಟ್ಟೆಗಳ ಪುಟಕ್ಕೆ ಹೋಗುವ ಅವಸರದಲ್ಲಿರುತ್ತದೆ. ಎರಡೂ ಕಡೆ ತೀರ್ಪು ಬಿದ್ದಿರುವುದು ಜಾತಿಯ ಹೆಸರಿನ ಮೇಲೆ. ನನ್ನ ತಕರಾರು ಇರುವುದು ಅಲ್ಲೇ. ಒಂದು ಜೀವಿ ಪೀಡೆಯೋ ಅಲ್ಲವೋ ಎಂಬುದನ್ನು ಅದರ ಹೆಸರು ನೋಡಿ ಹೇಳಲು ಬರುವುದಿಲ್ಲ. ಅದು ಯಾವ ನೆಲದಲ್ಲಿದೆ, ಅಲ್ಲಿ ಏನನ್ನು ತಿನ್ನುತ್ತಿದೆ, ಅದನ್ನು ತಿನ್ನುವವರು ಅಲ್ಲಿ ಯಾರಿದ್ದಾರೆ ಎಂಬ ಮೂರನ್ನೂ ಕೇಳದೆ ಕೊಟ್ಟ ತೀರ್ಪು ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಈ ಚಿಟ್ಟೆಯ ಚರಿತ್ರೆಯೇ ಸಾಕ್ಷಿ. ಹಾಗೆಂದು ಯಾವ ಚಿಟ್ಟೆಯನ್ನೂ ಕೊಲ್ಲಕೂಡದು ಎಂಬ ವಾದವೂ ನನ್ನದಲ್ಲ. ಒಂದು ದೇಶ ಇದರ ಹತ್ತಿರದ ಬಂಧುವನ್ನು ಕಡೆಯ ಹುಳುವಿನವರೆಗೆ ಹುಡುಕಿ ಕೊಂದಿತು. ಅದು ಸರಿಯಾದ ಕೆಲಸವೇ ಆಗಿತ್ತು ಎಂದು ನಾನು ಮುಂದೆ ವಾದಿಸಲಿದ್ದೇನೆ.

ಮೊದಲು ಜೀವಿಯ ಪರಿಚಯ. ರೆಕ್ಕೆ ಬಿಚ್ಚಿದರೆ ಐದು ಸೆಂಟಿಮೀಟರಿಗಿಂತ ಕೊಂಚ ಕಡಿಮೆ. ಮುಂದಿನ ರೆಕ್ಕೆಯ ತುದಿಗೆ ಕಪ್ಪು ಸವರಿದಂತಿರುತ್ತದೆ. ನಡುವೆ ಗಂಡಿಗೆ ಒಂದು ಕಪ್ಪು ಚುಕ್ಕೆ, ಹೆಣ್ಣಿಗೆ ಎರಡು. ಹೆಣ್ಣು ಎಲೆಕೋಸು, ಹೂಕೋಸು, ಮೂಲಂಗಿ, ಸಾಸಿವೆ ಜಾತಿಯ ಎಲೆಗಳ ಮೇಲೆ ಮೊಟ್ಟೆಗಳನ್ನು ಒಂದೊಂದಾಗಿ ಇಟ್ಟು ಹೋಗುತ್ತದೆ. ಎಲೆಯ ಮೇಲೆ ನೆಟ್ಟಗೆ ನಿಂತ ಸಣ್ಣ ಸೀಸೆಯಾಕಾರದ ಮೊಟ್ಟೆ. ಮೊದಲು ಮಾಸಲು ಬಿಳುಪು, ಆಮೇಲೆ ಹಳದಿ. ಒಂದು ವಾರದೊಳಗೆ ಮರಿ ಹೊರಬರುತ್ತದೆ, ಎಲೆಯದೇ ಹಸಿರು ಬಣ್ಣದ್ದು, ನಡುನರದ ಮೇಲೆ ಮಲಗಿದ್ದರೆ ಕಣ್ಣಿಗೇ ಬೀಳದು. ಐದು ಹಂತಗಳಲ್ಲಿ ಬೆಳೆದು, ಸೊಂಟಕ್ಕೆ ರೇಷ್ಮೆಯ ಎಳೆ ಬಿಗಿದುಕೊಂಡು ಕೋಶವಾಗುತ್ತದೆ. ಕೋಶದ ಬಣ್ಣ ಅದು ಅಂಟಿಕೊಂಡ ಜಾಗಕ್ಕೆ ತಕ್ಕಂತೆ ಹಸಿರೂ ಆಗಬಹುದು, ಕಂದೂ ಆಗಬಹುದು. ಚಳಿನಾಡುಗಳಲ್ಲಿ ಹಗಲು ಕುಗ್ಗುತ್ತಿರುವುದನ್ನು ಹುಳು ಗ್ರಹಿಸುತ್ತದೆ. ಆಗ ಕಟ್ಟಿದ ಕೋಶ ವಸಂತದವರೆಗೆ ಒಡೆಯದೆ ಚಳಿಗಾಲ ಕಳೆಯುತ್ತದೆ. ಇದರ ದೊಡ್ಡ ಬಂಧು ಪಿಯರಿಸ್ ಬ್ರಾಸಿಕೆ. ಅದು ಮೊಟ್ಟೆಗಳನ್ನು ಗುಂಪುಗುಂಪಾಗಿ ಇಡುತ್ತದೆ. ಹಳದಿ-ಕಪ್ಪು ಮಚ್ಚೆಯ ಅದರ ಹುಳುಗಳು ಬಚ್ಚಿಟ್ಟುಕೊಳ್ಳುವ ಗೋಜಿಗೇ ಹೋಗದೆ ಗುಂಪಾಗಿ ಎಲೆಯನ್ನು ನರ ಮಾತ್ರ ಉಳಿಯುವಂತೆ ತಿಂದುಹಾಕುತ್ತವೆ.

ಈ ಬದುಕಿನ ಕೇಂದ್ರದಲ್ಲಿರುವುದು ಸಾಸಿವೆಯ ಖಾರ. ಮಾವಿನಹಣ್ಣಿನ ಸಾಸ್ಮೆ ಮಾಡುವವರಿಗೆ ಗೊತ್ತು, ಇಡೀ ಸಾಸಿವೆಗೆ ಘಾಟಿಲ್ಲ. ಹಸಿಯಾಗಿ, ನೀರು ಬೆರೆಸಿ ಅರೆದಾಗಲೇ ಅದು ಮೂಗಿಗೇರುವುದು. ಗಿಡ ಗ್ಲುಕೋಸಿನೊಲೇಟ್ ಎಂಬ ಗಂಧಕಯುಕ್ತ ವಸ್ತುವನ್ನು ಒಂದು ಕಡೆ, ಅದನ್ನು ಒಡೆಯುವ ಮೈರೋಸಿನೇಸ್ ಎಂಬ ಕಿಣ್ವವನ್ನು ಬೇರೆ ಜೀವಕೋಶಗಳಲ್ಲಿ ಇಟ್ಟುಕೊಂಡಿರುತ್ತದೆ. ಎಲೆ ಹರಿದಾಗ ಎರಡೂ ಸೇರಿ ಘಾಟಿನ ಐಸೋಥಯೋಸಯನೇಟ್ ಹುಟ್ಟುತ್ತದೆ. ನಮಗೆ ಅದು ರುಚಿ. ಎಲೆ ಅಗಿಯಲು ಬಂದ ಸಾಮಾನ್ಯ ಹುಳುವಿಗೆ ವಿಷ. ಬಿಳಿ ಚಿಟ್ಟೆಯ ಹುಳು ಮಾತ್ರ ಇದನ್ನು ನಿಶ್ಚಿಂತೆಯಿಂದ ತಿನ್ನುತ್ತದೆ. ಹೇಗೆಂಬುದನ್ನು ಉಟೆ ವಿಟ್‌ಸ್ಟಾಕ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ಅದರ ಕರುಳಿನಲ್ಲಿರುವ ಒಂದು ವಿಶೇಷ ಪ್ರೋಟೀನು, ವಿಷವಾಗಿ ಮಾರ್ಪಡುತ್ತಿದ್ದ ರಾಸಾಯನಿಕ ಕ್ರಿಯೆಯನ್ನು ಅರ್ಧದಾರಿಯಲ್ಲೇ ಬೇರೆ ಕಡೆಗೆ ತಿರುಗಿಸಿ, ಅಷ್ಟೇನೂ ಅಪಾಯವಿಲ್ಲದ ನೈಟ್ರೈಲ್ ಆಗಿಸಿ ಹೊರಹಾಕುತ್ತದೆ.

ವಿಷವನ್ನು ಸಹಿಸುವುದಷ್ಟೇ ಅಲ್ಲ, ಆ ವಿಷದ ಸುಳಿವೇ ಈ ಚಿಟ್ಟೆಗೆ ಊಟದ ಕರೆ. 1910ರ ಹೊತ್ತಿಗೆ ನೆದರ್‌ಲ್ಯಾಂಡಿನ ಸಸ್ಯವಿಜ್ಞಾನಿ ಎಡ್ವರ್ಡ್ ಫರ್ಶಾಫೆಲ್ಟ್, ಈ ಹುಳುಗಳು ಮೂಸಿಯೂ ನೋಡದ ಬೇರೆ ಗಿಡಗಳ ಎಲೆಗೆ ಸಾಸಿವೆಯ ಸಿನಿಗ್ರಿನ್ ಬಳಿದು ಕೊಟ್ಟರು. ಹುಳುಗಳು ತಿಂದವು. ಹೆಣ್ಣು ಚಿಟ್ಟೆ ಎಲೆಯ ಮೇಲೆ ಇಳಿದೊಡನೆ ಮುಂಗಾಲುಗಳಿಂದ ಪಟಪಟನೆ ಬಡಿಯುವುದು ಕೂಡ ಈ ರಾಸಾಯನಿಕದ ರುಚಿ ನೋಡಲಿಕ್ಕೆ. ಅರ್ಧ ಶತಮಾನದ ಬಳಿಕ, 1964ರಲ್ಲಿ ಪಾಲ್ ಎರ್ಲಿಕ್ ಮತ್ತು ಪೀಟರ್ ರೇವನ್ ಚಿಟ್ಟೆ ಮತ್ತು ಸಸ್ಯಗಳ ಸಹವಿಕಾಸದ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧಕ್ಕೆ ಇಂಥ ಜೋಡಿಗಳೇ ಆಧಾರ. ಗಿಡ ಹೊಸ ವಿಷ ಕಂಡುಕೊಳ್ಳುತ್ತದೆ, ಬಹುಪಾಲು ಶತ್ರುಗಳಿಂದ ಪಾರಾಗಿ ಹಬ್ಬುತ್ತದೆ; ಯಾವುದೋ ಒಂದು ಕೀಟದ ವಂಶ ಆ ವಿಷ ದಾಟುವ ದಾರಿ ಕಂಡುಕೊಂಡು, ಯಾರೂ ಮುಟ್ಟದ ಆ ಹಸಿರಿಗೆ ತಾನೊಂದೇ ಒಡೆಯನಾಗುತ್ತದೆ. ಸಾಸಿವೆ ಗಣದ ಸಸ್ಯಗಳಲ್ಲಿ ಈ ವಿಷ ಹುಟ್ಟಿದ ಸುಮಾರು ಒಂದು ಕೋಟಿ ವರ್ಷಗಳಲ್ಲಿ ಬಿಳಿ ಚಿಟ್ಟೆಗಳ ಪೂರ್ವಜರು ಅದಕ್ಕೆ ಉತ್ತರ ಕಂಡುಕೊಂಡಿದ್ದರು ಎಂದು ತಳಿವಿಜ್ಞಾನದ ಲೆಕ್ಕ ಹೇಳುತ್ತದೆ. ಎಲೆಕೋಸು ಬೆಳೆಯುವ ಮನುಷ್ಯ ಈ ಕಥೆಗೆ ಪ್ರವೇಶ ಮಾಡಿದ್ದು ನಿನ್ನೆ ಮೊನ್ನೆ.

ಮನುಷ್ಯ ಬಂದು ಮಾಡಿದ್ದೇನು? ಕಡಲಂಚಿನಲ್ಲೂ ಕಲ್ಲುಗುಡ್ಡಗಳಲ್ಲೂ ಚದುರಿ ಬೆಳೆಯುತ್ತಿದ್ದ ಒರಟು ಕಾಡುಗಿಡವನ್ನು ಆಯ್ದು ಆಯ್ದು ಬೆಳೆಸಿ ಎಲೆಕೋಸು, ನವಿಲುಕೋಸು, ಹೂಕೋಸು ಮಾಡಿದ. ಮೆದುವಾದ, ರಸತುಂಬಿದ ಎಲೆ. ಒತ್ತೊತ್ತಾಗಿ ನೆಟ್ಟ ಸಾಲು. ಆಮೇಲೆ ಅದನ್ನು ಹಡಗಿನಲ್ಲೂ ರೈಲಿನಲ್ಲೂ ಲೋಕವೆಲ್ಲ ಹೊತ್ತೊಯ್ದ. ಚಿಟ್ಟೆ ಹಿಂದೆಯೇ ಹೋಯಿತು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ 32 ದೇಶಗಳ ನೂರೈವತ್ತಕ್ಕೂ ಹೆಚ್ಚು ಮಂದಿ, ಅವರಲ್ಲಿ ಅನೇಕರು ವಿಜ್ಞಾನಿಗಳಲ್ಲದ ಹವ್ಯಾಸಿಗಳು, ಮೂರು ಸಾವಿರಕ್ಕೂ ಹೆಚ್ಚು ಚಿಟ್ಟೆಗಳನ್ನು ಹಿಡಿದು ಅಂಚೆಯಲ್ಲಿ ಕಳಿಸಿದ್ದರು. ಅವುಗಳ ವಂಶವಾಹಿ ಓದಿದಾಗ ದಾರಿ ತೆರೆದುಕೊಂಡಿತು: ಮೂಲ ಪೂರ್ವ ಮೆಡಿಟರೇನಿಯನ್ ಪ್ರದೇಶ, ಅಲ್ಲಿಂದ ಏಷ್ಯಾದ ಕಡೆ ಹಬ್ಬಿದ್ದು ರೇಷ್ಮೆ ಮಾರ್ಗದ ವ್ಯಾಪಾರ ಬಿರುಸಾಗಿದ್ದ ಕಾಲ, 1860ರ ಸುಮಾರಿಗೆ ಕೆನಡಾದ ಕ್ವೆಬೆಕ್, ಅಲ್ಲಿಂದ ಅಮೆರಿಕದುದ್ದಕ್ಕೂ ಕ್ಯಾಲಿಫೋರ್ನಿಯಾದವರೆಗೆ, ಕ್ಯಾಲಿಫೋರ್ನಿಯಾದಿಂದ ಹವಾಯಿ, ಹವಾಯಿಯಿಂದ 1930ರಲ್ಲಿ ನ್ಯೂಜಿಲೆಂಡ್, ಅಲ್ಲಿಂದ 1937ರ ಹೊತ್ತಿಗೆ ಆಸ್ಟ್ರೇಲಿಯ. ಕ್ಯಾಲಿಫೋರ್ನಿಯಾಕ್ಕೆ ಅದನ್ನು ಮುಟ್ಟಿಸಿದ್ದು ರೈಲು ಎಂಬುದು ಅಧ್ಯಯನಕಾರರ ಊಹೆ. ಪೀಡೆ ತಾನಾಗಿ ಬಂದು ಮೇಲೆ ಬಿತ್ತು ಎನ್ನುವ ರೈತನ ಮಾತು ಅವನ ಹೊಲದ ಮಟ್ಟಿಗೆ ನಿಜ. ಭೂಪಟದ ಮಟ್ಟದಲ್ಲಿ ನೋಡಿದರೆ ಅದಕ್ಕೆ ಟಿಕೆಟ್ಟು ಕೊಡಿಸಿದವರು ನಾವೇ.

ಇಲ್ಲಿಗೆ ನಿಲ್ಲಿಸಿ ‘ಏಕಬೆಳೆಯೇ ಪೀಡೆಯನ್ನು ಸೃಷ್ಟಿಸಿತು’ ಎಂದು ಷರಾ ಬರೆಯುವುದು ಸುಲಭ. ಪರಿಸರದ ಬಗ್ಗೆ ಬರೆಯುವವರಿಗೆ, ನನಗೂ, ಆ ವಾಕ್ಯ ಬಾಯಿಪಾಠವಾಗಿದೆ. ಈ ಚಿಟ್ಟೆ ಅದಕ್ಕೆ ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಆಸ್ಟ್ರೇಲಿಯದಲ್ಲಿ ರೋಂಡಾ ಜೋನ್ಸ್ 1970ರ ದಶಕದಲ್ಲಿ, ಅಮೆರಿಕದಲ್ಲಿ ರಿಚರ್ಡ್ ರೂಟ್ ಮತ್ತು ಪೀಟರ್ ಕರೈವಾ 1984ರಲ್ಲಿ, ಮೊಟ್ಟೆಯಿಡುವ ಹೆಣ್ಣುಗಳ ಹಿಂದೆ ಬಿದ್ದು ಅವುಗಳ ಹಾರಾಟವನ್ನು ದಾಖಲಿಸಿದರು. ಹೆಣ್ಣು ಸಣ್ಣ ಬಿಳಿ ಚಿಟ್ಟೆ ಒಳ್ಳೊಳ್ಳೆಯ ಗಿಡಗಳನ್ನೇ ಬಿಟ್ಟುಬಿಟ್ಟು ಮುಂದಕ್ಕೆ ಹಾರುತ್ತದೆ. ಇಲ್ಲೊಂದು ಅಲ್ಲೊಂದು ಮೊಟ್ಟೆ ಚೆಲ್ಲಿಕೊಂಡು ಹೋಗುತ್ತದೆ. ಪರಿಣಾಮವಾಗಿ ಒತ್ತಾಗಿ ಬೆಳೆದ ಗಿಡಗಳಿಗಿಂತ ಒಂಟಿ ಗಿಡದ ಮೇಲೆ ತಲಾ ಮೊಟ್ಟೆ ಹೆಚ್ಚು. ಚಿಗಟದಂತೆ ಜಿಗಿಯುವ ಎಲೆಜೀರುಂಡೆಯಂಥ ಕೀಟಗಳು ದೊಡ್ಡ ಏಕಬೆಳೆಯಲ್ಲಿ ಜಮೆಯಾಗುತ್ತವೆ ಎಂದು ಇದೇ ರೂಟ್ ಹಿಂದೆ ತೋರಿಸಿದ್ದರು. ಬಿಳಿ ಚಿಟ್ಟೆ ಅದಕ್ಕೆ ತದ್ವಿರುದ್ಧ. ನಾಳೆ ಯಾವ ಜಾಗಕ್ಕೆ ಮಳೆಯೋ ಬರವೋ ಕಣಜವೋ ಬರುತ್ತದೆಂದು ತಿಳಿಯದ ಲೋಕದಲ್ಲಿ ಮೊಟ್ಟೆಗಳನ್ನೆಲ್ಲ ಒಂದೇ ಕಡೆ ಇಡದಿರುವುದು ಜಾಣತನವೇ. ಆದ್ದರಿಂದ ಮನೆಯ ಹಿತ್ತಲಲ್ಲಿ ನಾಲ್ಕೇ ನಾಲ್ಕು ಕೋಸಿನ ಗಿಡ ನೆಟ್ಟವರಿಗೆ ದೊಡ್ಡ ಜಮೀನಿನವರಿಗಿಂತ ಈ ಹುಳುವಿನ ಕಾಟ ಹೆಚ್ಚೆನಿಸಿದರೆ ಅದರಲ್ಲಿ ಅಚ್ಚರಿಯಿಲ್ಲ. ಪ್ರತಿ ಕೀಟಕ್ಕೂ ಅದರದೇ ಲೆಕ್ಕವಿದೆ. ಸಾವಯವವಾದಿಗಳ ಘೋಷಣೆಯೂ ರಾಸಾಯನಿಕ ಕಂಪನಿಯ ಕರಪತ್ರವೂ ಆ ಲೆಕ್ಕಕ್ಕೆ ಬದಲಿಯಾಗಲಾರವು.

ಈಗ ಶತ್ರುಗಳ ಕಡೆ ನೋಡೋಣ. ವಿಷಯ ನಿಜಕ್ಕೂ ರೋಚಕವಾಗುವುದು ಇಲ್ಲಿ. ಕೊಟೇಸಿಯಾ ಗ್ಲೊಮೆರಾಟಾ ಎಂಬ, ಸೊಳ್ಳೆಗಿಂತ ದೊಡ್ಡದೇನಲ್ಲದ ಕಪ್ಪು ಕಣಜವೊಂದಿದೆ. ಅದು ಎಳೆಯ ಹುಳುವಿನ ಮೈಯೊಳಗೆ ಹತ್ತಾರು ಮೊಟ್ಟೆ ಚುಚ್ಚಿಡುತ್ತದೆ. ಮರಿಗಳು ಹುಳುವಿನ ಒಳಗೇ ಬೆಳೆದು, ಕಡೆಗೆ ಅದರ ಚರ್ಮ ಸೀಳಿ ಹೊರಬಂದು, ಪಕ್ಕದಲ್ಲೇ ಹಳದಿ ರೇಷ್ಮೆಯ ಗೂಡುಗಳನ್ನು ಗೊಂಚಲಾಗಿ ನೇಯುತ್ತವೆ. (ಅವನ್ನು ಹುಳುವಿನ ಮೊಟ್ಟೆಯೆಂದು ತಿಳಿದು ಹೊಸಕಿಹಾಕುವ ತೋಟಗಾರರು ಯುರೋಪಿನಲ್ಲಿ ಈಗಲೂ ಇದ್ದಾರೆ.) ಎಲೆಗಳ ಸಂತೆಯಲ್ಲಿ ಕಣಜಕ್ಕೆ ಹುಳು ಸಿಗುವುದು ಹೇಗೆ? ಎಲೆಕೋಸೇ ಹೇಳುತ್ತದೆ. ಹುಳುವಿನ ಜೊಲ್ಲಿನಲ್ಲಿರುವ ಒಂದು ಕಿಣ್ವ ಗಾಯಗೊಂಡ ಎಲೆಗೆ ತಗುಲಿದಾಗ ಗಿಡ ಬೇರೆಯದೇ ವಾಸನೆ ಬಿಡುತ್ತದೆ; ಕಣಜ ಆ ವಾಸನೆ ಹಿಡಿದು ಬರುತ್ತದೆ. ಇದನ್ನು ನೆದರ್‌ಲ್ಯಾಂಡಿನ ವಾಗನಿಂಗನ್ ಸಂಶೋಧಕರು 1995ರಲ್ಲಿ ತೋರಿಸಿದರು. ಕಥೆ ಅಲ್ಲಿಗೂ ಮುಗಿಯಲಿಲ್ಲ. ಕಣಜದ ಮರಿ ಹೊತ್ತ ಹುಳು ಎಲೆ ತಿಂದಾಗ ಗಿಡದ ವಾಸನೆ ಮತ್ತೂ ಬದಲಾಗುತ್ತದೆ, ಆ ವಾಸನೆ ಹಿಡಿದು ಕಣಜದ ಕೋಶಗಳಲ್ಲೇ ಮೊಟ್ಟೆಯಿಡುವ ಇನ್ನೊಂದು ಕಣಜ ಬರುತ್ತದೆ ಎಂದು 2012ರಲ್ಲಿ ಗೊತ್ತಾಯಿತು. ಅಂದರೆ ಗಿಡದ ಕೂಗು ಗಿಡಕ್ಕೆ ಯಾವಾಗಲೂ ಒಳಿತನ್ನೇ ಮಾಡುತ್ತದೆ ಎನ್ನಲಾಗದು. ಕೇಳಿಸಿಕೊಳ್ಳುವ ಕಿವಿಗಳು ಹಲವು.

ದೊಡ್ಡ ಬಿಳಿ ಚಿಟ್ಟೆಯದು ಇನ್ನೂ ವಿಚಿತ್ರ. ಕೂಡುವಾಗ ಗಂಡು ಹೆಣ್ಣಿಗೆ ಬೆಂಜೈಲ್ ಸಯನೈಡ್ ಎಂಬ ವಾಸನೆಯನ್ನೂ ದಾಟಿಸುತ್ತದೆ. ಬೇರೆ ಗಂಡುಗಳು ಆಮೇಲೆ ಆ ಹೆಣ್ಣಿನ ಹತ್ತಿರ ಸುಳಿಯುವುದಿಲ್ಲ. ಈ ಏರ್ಪಾಡನ್ನು ಕದ್ದು ಕೇಳುವ ಒಂದು ಕಣಜವಿದೆ: ಟ್ರೈಕೊಗ್ರಾಮ, ಅರ್ಧ ಮಿಲಿಮೀಟರಿನ ಆಸುಪಾಸಿನದು, ಚಿಟ್ಟೆಯ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುವಂಥದು. ಕೂಡಿದ ಹೆಣ್ಣಿನ ವಾಸನೆ ಹಿಡಿದು ಅದರ ಮೈಯೇರಿ ಸವಾರಿ ಮಾಡುತ್ತದೆ. ಹೆಣ್ಣು ಎಲೆಯ ಮೇಲೆ ಮೊಟ್ಟೆಯಿಟ್ಟೊಡನೆ ಇಳಿದು ಕೆಲಸ ಮುಗಿಸುತ್ತದೆ. ನೀನಾ ಫಟೂರೋಸ್ ಮತ್ತು ಸಂಗಡಿಗರು 2005ರಲ್ಲಿ ಇದನ್ನು ವರದಿ ಮಾಡಿದರು. ‘ಪೀಡೆ’ ಎಂಬ ಒಂದು ಪದದ ಕೆಳಗೆ ಇಷ್ಟೆಲ್ಲ ವ್ಯವಹಾರ ನಡೆಯುತ್ತಿರುತ್ತದೆ. ಅದನ್ನು ಬಲ್ಲವರು ಮಾತ್ರ ಅದರಲ್ಲಿ ಕೈಹಾಕಬೇಕು, ಅವರೂ ಅಳುಕಿನಿಂದಲೇ.

ಅಳುಕಿಲ್ಲದೆ ಕೈಹಾಕಿದ ಕಥೆ ಅಮೆರಿಕದ್ದು. 1880ರ ದಶಕದಲ್ಲಿ ಸಣ್ಣ ಬಿಳಿ ಚಿಟ್ಟೆ ಅಲ್ಲಿನ ಕೋಸು ಬೆಳೆಗಾರರನ್ನು ಕಂಗೆಡಿಸಿತ್ತು. ಸರ್ಕಾರದ ಕೀಟತಜ್ಞ ಚಾರ್ಲ್ಸ್ ವ್ಯಾಲೆಂಟೈನ್ ರೈಲಿಯ ಯೋಜನೆಯಂತೆ 1883–84ರ ಸುಮಾರಿಗೆ ಇಂಗ್ಲೆಂಡಿನಿಂದ ಕೊಟೇಸಿಯಾ ಗ್ಲೊಮೆರಾಟಾ ಕಣಜವನ್ನು ತರಿಸಿ ಬಿಡಲಾಯಿತು. ಪೀಡೆಯನ್ನು ಹತೋಟಿಗೆ ತರಲು ಒಂದು ಖಂಡದಿಂದ ಇನ್ನೊಂದಕ್ಕೆ ಪರಾವಲಂಬಿ ಕಣಜವನ್ನು ಸಾಗಿಸಿದ ಮೊದಲ ಪ್ರಯತ್ನ ಅದು. ಜೈವಿಕ ನಿಯಂತ್ರಣದ ಚರಿತ್ರೆಯಲ್ಲಿ ಹೆಮ್ಮೆಯಿಂದ ಬರೆದುಕೊಳ್ಳುವ ಘಟನೆ. ವಿಷ ಬೇಡ, ಶತ್ರುವಿನ ಶತ್ರು ಸಾಕು ಎಂಬ ಯೋಚನೆಯೂ ಸೊಗಸಾದದ್ದೇ. ಯಾರೂ ಕೇಳದ ಪ್ರಶ್ನೆ ಒಂದಿತ್ತು: ಈ ಕಣಜ ಕೋಸಿನ ಹೊಲದಲ್ಲೇ ಉಳಿಯುತ್ತದೆಯೇ? ಅಮೆರಿಕದ ಈಶಾನ್ಯ ಭಾಗದ ಕಾಡುಗಳಲ್ಲಿ ಅಲ್ಲಿನದೇ ಬಿಳಿ ಚಿಟ್ಟೆ ಇತ್ತು, ಪಿಯರಿಸ್ ಒಲರೇಸಿಯಾ. ಕಾಡಿನ ಸಾಸಿವೆ ಜಾತಿಯ ಗಿಡಗಳನ್ನು ತಿಂದುಕೊಂಡು ಅದರ ಪಾಡಿಗೆ ಅದು ಇತ್ತು. ಕೊಟೇಸಿಯಾದ ಪರಿಚಯವೇ ಇಲ್ಲದ ಅದರ ಹುಳುಗಳು ಕಣಜಕ್ಕೆ ಸುಲಭದ ತುತ್ತಾದವು. ಬಯಲಿಗೆ ಬಂದ ಬೇಸಿಗೆಯ ಸಂತತಿಗೆ ಪೆಟ್ಟು ಹೆಚ್ಚು. ಮ್ಯಾಸಚೂಸೆಟ್ಸ್‌ನ ಬಹುಭಾಗದಿಂದ ಆ ಚಿಟ್ಟೆ ಮರೆಯಾಯಿತು. ಅದು ಯಾರ ಬೆಳೆಯನ್ನೂ ಹಾಳುಮಾಡಿದ್ದ ಚಿಟ್ಟೆಯಲ್ಲ.

ಮುಂದಿನದು ಇನ್ನೂ ಸ್ವಾರಸ್ಯ. 1988ರಲ್ಲಿ ಚೀನಾದಿಂದ ತಂದ ಇನ್ನೊಂದು ಕಣಜ, ಕೊಟೇಸಿಯಾ ರುಬೆಕ್ಯುಲಾವನ್ನು ಮ್ಯಾಸಚೂಸೆಟ್ಸ್‌ನಲ್ಲಿ ಬಿಟ್ಟರು. ಇದು ಒಂದು ಹುಳುವಿಗೆ ಒಂದೇ ಮೊಟ್ಟೆ ಇಡುತ್ತದೆ, ಸಣ್ಣ ಬಿಳಿ ಚಿಟ್ಟೆಗೇ ಹೆಚ್ಚು ನಿಷ್ಠ. ಒಂದೇ ಹುಳುವಿನೊಳಗೆ ಎರಡು ಕಣಜಗಳ ಮರಿ ಸೇರಿದರೆ ಗೆಲ್ಲುವುದು ಸಾಮಾನ್ಯವಾಗಿ ಇದೇ. ಹಾಗಾಗಿ ಹಳೆಯ ಕಣಜ ಹೊಲಗಳಿಂದ ಹಿಂದೆ ಸರಿಯಿತು. ಕಾಡಿನ ಚಿಟ್ಟೆಗೆ ಉಸಿರು ಬಂತು. ಅದು ಹೊರಗಿನಿಂದ ಬಂದು ನೆಲೆಸಿದ ಒಂದು ಜೌಗುಗಿಡದ ಮೇಲೂ ಬದುಕತೊಡಗಿದೆ. ಇದರ ಜೊತೆಗೇ ಯುರೋಪಿನಿಂದ ಬಂದ ಬೆಳ್ಳುಳ್ಳಿ ವಾಸನೆಯ ಸಾಸಿವೆ ಗಿಡವೊಂದು ಅದೇ ಚಿಟ್ಟೆಯನ್ನು ಮೊಟ್ಟೆಯಿಡಲು ಸೆಳೆದು ಮರಿಗಳನ್ನು ಸಾಯಿಸುತ್ತಿದೆ. ಕೆಲವು ಕಡೆ ಮರಿಗಳು ಅದನ್ನೂ ಅರಗಿಸಿಕೊಳ್ಳಲು ಕಲಿಯುತ್ತಿರುವ ಸೂಚನೆಯಿದೆ. ‘ಹೊರಗಿನದು ಕೆಟ್ಟದ್ದು, ಒಳಗಿನದು ಒಳ್ಳೆಯದು’ ಎಂಬ ಸರಳ ವಿಂಗಡಣೆಗೆ ಇಲ್ಲಿ ಎಲ್ಲಿ ಜಾಗ? ಹೊರಗಿನ ಒಂದು ಕಣಜ ಕೊಂದಿತು, ಹೊರಗಿನ ಇನ್ನೊಂದು ಕಣಜ ಉಳಿಸಿತು. ಹೊರಗಿನ ಒಂದು ಗಿಡ ಆಸರೆ, ಇನ್ನೊಂದು ಗಿಡ ಉರುಳು.

ಪೋರ್ಚುಗಲ್ಲಿನ ಮಡೀರಾ ದ್ವೀಪದಲ್ಲಿ ಹೀಗೆ ಉಸಿರು ಮರಳಿ ಬರಲಿಲ್ಲ. ಅಲ್ಲಿನ ಕಾಡುಗಳಲ್ಲಿ ದೊಡ್ಡ ಬಿಳಿ ಚಿಟ್ಟೆಯ ದ್ವೀಪವಾಸಿ ಬಂಧುವೊಂದಿತ್ತು. 1970ರ ದಶಕದಲ್ಲಿ ಸಣ್ಣ ಬಿಳಿ ಚಿಟ್ಟೆ ದ್ವೀಪಕ್ಕೆ ಕಾಲಿಟ್ಟಿತು. 1986ರ ನಂತರ ದ್ವೀಪದ ಚಿಟ್ಟೆಯನ್ನು ಯಾರೂ ಕಂಡಿಲ್ಲ. ಹೊಸ ಚಿಟ್ಟೆಯ ಜೊತೆ ಬಂದ ಕಣಜವೋ ವೈರಾಣುವೋ ಕಾರಣವಿರಬೇಕೆಂಬ ಗುಮಾನಿ ಇದೆ. ಬ್ರಿಟನ್ನಿನ ತೋಟದಲ್ಲಿ ಅಸಡ್ಡೆಯಿಂದ ನೋಡುವ ಸಣ್ಣ ಬಿಳಿ ಚಿಟ್ಟೆ, ತಾನು ಒಂದೆಲೆಯನ್ನೂ ಹೆಚ್ಚಿಗೆ ತಿನ್ನದೆ, ಇಲ್ಲೊಂದು ವಂಶದ ಅಳಿವಿಗೆ ವಾಹನವಾಗಿರಬಹುದು.

ನ್ಯೂಜಿಲೆಂಡಿನ ಮಾತಿಗೆ ಬರುತ್ತೇನೆ. 2010ರಲ್ಲಿ ನೆಲ್ಸನ್ ಪಟ್ಟಣದ ತೋಟವೊಂದರಲ್ಲಿ ದೊಡ್ಡ ಬಿಳಿ ಚಿಟ್ಟೆ ಪತ್ತೆಯಾಯಿತು. ಆ ದೇಶದಲ್ಲಿ ಸಾಸಿವೆ ಕುಟುಂಬದ 79 ಸ್ಥಳೀಯ ಸಸ್ಯಜಾತಿಗಳಿವೆ; ಅವುಗಳಲ್ಲಿ ಬಹುಪಾಲು ಆಗಲೇ ಅಳಿವಿನ ಅಂಚಿನಲ್ಲಿದ್ದವು. ಕಡಲ ಪಯಣದಲ್ಲಿ ಸ್ಕರ್ವಿ ರೋಗ ಬಾರದಿರಲೆಂದು ಕ್ಯಾಪ್ಟನ್ ಕುಕ್ ತನ್ನ ನಾವಿಕರಿಗೆ ತಿನ್ನಿಸಿದ ಸೊಪ್ಪು ಅವುಗಳಲ್ಲೊಂದು. ಬೆರಳೆಣಿಕೆಯ ಗಿಡಗಳು ಮಾತ್ರ ಉಳಿದಿರುವ ಒಂದು ಬಂಡೆಯ ಮೇಲೆ ಒಂದು ಮೊಟ್ಟೆಗೊಂಚಲು ಬಿದ್ದರೆ ಅಲ್ಲಿಗೆ ಮುಗಿಯಿತು. 2012ರ ಕೊನೆಯಿಂದ ಸಂರಕ್ಷಣಾ ಇಲಾಖೆ ಮನೆಮನೆಯ ಹಿತ್ತಲು ಸೋಸತೊಡಗಿತು. ತಪಾಸಣೆಗಳ ಸಂಖ್ಯೆ ಎರಡೂವರೆ ಲಕ್ಷ ದಾಟಿತು. 2013ರ ಶಾಲಾ ರಜೆಯಲ್ಲಿ ಚಿಟ್ಟೆ ಹಿಡಿದು ತಂದ ಮಕ್ಕಳಿಗೆ ತಲಾ ಚಿಟ್ಟೆಗೆ 10 ಡಾಲರ್ ಕೊಟ್ಟರು. 2014ರ ಡಿಸೆಂಬರ್ ನಂತರ ಒಂದೂ ಸಿಗಲಿಲ್ಲ. 2016ರಲ್ಲಿ ನಿರ್ಮೂಲನವಾಯಿತೆಂದು ಘೋಷಿಸಿದರು. ಮಕ್ಕಳ ಕೈಗೆ ಬಲೆ ಕೊಟ್ಟು ಚಿಟ್ಟೆ ಕೊಲ್ಲಿಸುವುದು ಅನೇಕರಿಗೆ ಇರಿಸುಮುರಿಸು ತರುತ್ತದೆ. ನನಗೆ ಆ ನಿರ್ಧಾರದಲ್ಲಿ ಕಾಣುವುದು ವಿವೇಕವೇ. ಅದೇ ದೇಶ, 1930ರಿಂದ ನೆಲೆಸಿರುವ ಸಣ್ಣ ಬಿಳಿ ಚಿಟ್ಟೆಯನ್ನು ಬೇರುಸಹಿತ ಕೀಳುವ ಸಾಹಸ ಮಾಡುತ್ತಿಲ್ಲ. ಅದು ಆಗದ ಮಾತೆಂದು ಅವರಿಗೆ ಗೊತ್ತು. ಹೊಸದಾಗಿ ಬಂದ, ಇನ್ನೂ ಒಂದು ಪಟ್ಟಣದೊಳಗೆ ಇದ್ದ ಚಿಟ್ಟೆಯನ್ನು ಮಾತ್ರ ತಡೆಯಬಹುದಿತ್ತು, ತಡೆದರು. ಹಾಗೆಂದು ಇದೇ ದೊಡ್ಡ ಬಿಳಿ ಚಿಟ್ಟೆಯನ್ನು ಉತ್ತರ ಭಾರತದಲ್ಲಿ ನಿರ್ಮೂಲ ಮಾಡುತ್ತೇವೆಂದು ಯಾರಾದರೂ ಹೊರಟರೆ ಅದು ಹುಚ್ಚು. ಅಲ್ಲಿ ಅದು ಬೇಸಿಗೆಗೆ ಹಿಮಾಲಯದ ತಪ್ಪಲಿಗೂ ಚಳಿಗಾಲಕ್ಕೆ ಬಯಲಿಗೂ ಓಡಾಡಿಕೊಂಡಿರುವ ಹಳೆಯ ಒಕ್ಕಲು. ಹೂಕೋಸಿನ ಬೆಳೆಗಾರನಿಗೆ ಅದರಿಂದ ನಷ್ಟವಿದೆ, ನಿಜ. ಅದರ ಬೆನ್ನಿಗೇ ಕೊಟೇಸಿಯಾ ಕಣಜವೂ ಇದೆ. ಜಾತಿ ಒಂದೇ, ತೀರ್ಪು ಎರಡು, ಎರಡೂ ಸರಿ.

ಹಾಗಾದರೆ ಇಂಥ ಕೀಟದಿಂದ ನಮಗೇನು ಪ್ರಯೋಜನ ಎಂದು ಕೇಳುವವರು ಇದ್ದೇ ಇರುತ್ತಾರೆ. ಪ್ರಯೋಜನದ ಆಧಾರದ ಮೇಲೆ ಜೀವಿಗಳ ಪರ ವಕಾಲತ್ತು ವಹಿಸುವುದು ನನಗೆ ಒಗ್ಗದ ಕೆಲಸ. ನಾಳೆ ಪ್ರಯೋಜನ ತೀರಿದರೆ ವಾದವೂ ತೀರಿತು. ಆದರೂ ಒಂದು ಕಥೆ ಹೇಳದೆ ಇರಲಾರೆ. 1889ರಲ್ಲಿ ಲಂಡನ್ನಿನ ಯುವಕ ಫ್ರೆಡರಿಕ್ ಗೌಲಂಡ್ ಹಾಪ್ಕಿನ್ಸ್ ಈ ಕುಟುಂಬದ ಚಿಟ್ಟೆಗಳ ರೆಕ್ಕೆಯ ಬಣ್ಣ ಏನೆಂದು ಪರೀಕ್ಷಿಸಹೊರಟ. ಬಿಳಿ ಬಣ್ಣ ಯೂರಿಕ್ ಆಮ್ಲದ ಬಂಧು ಎಂದು ಅವನಿಗೆ ತೋರಿತು. ಪೂರ್ತಿ ಸರಿಯಲ್ಲದಿದ್ದರೂ ದಿಕ್ಕು ತಪ್ಪಿರಲಿಲ್ಲ. 1920ರ ದಶಕದಲ್ಲಿ ಜರ್ಮನಿಯ ಹೈನ್‌ರಿಕ್ ವೀಲಾಂಡ್ ಮತ್ತು ಕ್ಲೆಮೆನ್ಸ್ ಶಾಪ್ಫ್ ಆ ವಸ್ತುಗಳನ್ನು ಬೇರ್ಪಡಿಸಿ ಟೆರಿನ್ ಎಂದು ಕರೆದರು. 1940ರಲ್ಲಿ ರೋಬರ್ಟ್ ಪುರ್‌ಮನ್ ಅದರ ರಚನೆ ಬಿಡಿಸಿದ. ಇತ್ತ ಬೊಂಬಾಯಿಯ ಗಿರಣಿ ಕೆಲಸದ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಾಸ ಮಾಡುತ್ತಿದ್ದ ಲೂಸಿ ವಿಲ್ಸ್, ಯೀಸ್ಟಿನ ಸಾರದಲ್ಲಿ ಅದನ್ನು ಗುಣಪಡಿಸುವ ಯಾವುದೋ ಅಂಶವಿದೆ ಎಂದು 1931ರಲ್ಲಿ ಬರೆದಿದ್ದರು. ಆ ಅಂಶವೇ ಫೋಲಿಕ್ ಆಮ್ಲ. 1945ರ ಸುಮಾರಿಗೆ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅದನ್ನು ತಯಾರಿಸಿ ರಚನೆ ಬಿಡಿಸಿದಾಗ, ಅದರ ಒಂದು ತುದಿಯಲ್ಲಿ ಇದ್ದದ್ದು ಚಿಟ್ಟೆಯ ರೆಕ್ಕೆಯ ಅದೇ ಟೆರಿನ್. ಅದರ ತಿದ್ದಿದ ರೂಪವಾದ ಅಮಿನೊಪ್ಟೆರಿನ್ ಬಳಸಿ 1948ರಲ್ಲಿ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಲ್ಲಿ ಕೆಲಕಾಲ ರೋಗ ಹಿಮ್ಮೆಟ್ಟಿಸಿದರು. ಹಾಪ್ಕಿನ್ಸನ ಕೈಗೆ ಪರೀಕ್ಷೆಗೆ ಬೇಕಾದಷ್ಟು ರೆಕ್ಕೆಗಳು ಸಿಕ್ಕಿದ್ದು ಈ ಕುಲ ಎಲ್ಲೆಲ್ಲೂ ಹೇರಳವಾಗಿದ್ದುದರಿಂದ. ಅಪರೂಪದ್ದನ್ನೇ ಹುಡುಕಿ ಹೋಗುವ ನಮ್ಮ ಚಿಟ್ಟೆಪ್ರೇಮಕ್ಕೆ ಇದು ಸ್ವಲ್ಪ ಚುಚ್ಚಬೇಕು.

ಅದೇ ಟೆರಿನ್ ರೆಕ್ಕೆಯ ಹುಡಿಯ ಮೇಲೆ ಸಣ್ಣ ಮಣಿಗಳಾಗಿ ಕೂತು ಬೆಳಕನ್ನು ಚದುರಿಸುತ್ತದೆ. ನಮಗೆ ಬಿಳಿಯಾಗಿ ಕಾಣುತ್ತದೆ. ಆದರೆ ಅದು ನೇರಳಾತೀತ ಕಿರಣವನ್ನು ಹೀರಿಕೊಳ್ಳುತ್ತದೆ. ಜಪಾನಿನ ಸಣ್ಣ ಬಿಳಿ ಚಿಟ್ಟೆಗಳಲ್ಲಿ ಗಂಡಿನ ರೆಕ್ಕೆ ಆ ಕಿರಣದಲ್ಲಿ ಕಪ್ಪು, ಹೆಣ್ಣಿನದು ಬೆಳ್ಳಗೆ. ಅವು ಒಬ್ಬರನ್ನೊಬ್ಬರು ಗುರುತಿಸುವುದು ಇದರಿಂದಲೇ ಎಂದು ಒಬಾರಾ 1970ರಲ್ಲಿ ವಿವರಿಸಿದರು. ‘ಬರೀ ಬಿಳಿ’ ಎನ್ನುವುದು ನಮ್ಮ ಕಣ್ಣಿನ ಬಡತನ.

ಹೆಸರು ನೋಡಿ ಪೀಡೆ ಎನ್ನಬಾರದು ಎಂಬ ಮಾತಿಗೆ ಕರ್ನಾಟಕದಲ್ಲಿ ಏನು ಅರ್ಥ? ನಮ್ಮ ಬಯಲುಸೀಮೆಯಲ್ಲಿ ಹಾರುವ ಬಿಳಿ ಚಿಟ್ಟೆಗಳು ಪಿಯರಿಸ್ ರಾಪೆ ಅಲ್ಲವೇ ಅಲ್ಲ. ಭಾರತದಲ್ಲಿ ಅದರ ನೆಲೆ ಹಿಮಾಲಯದ ಕಡೆ. ಇಲ್ಲಿರುವವು ಅದೇ ಕುಟುಂಬದ ಬೇರೆ ಮನೆಯವರು. ನೆಲದ ಮಟ್ಟದಲ್ಲಿ ಮೆಲ್ಲಗೆ ತೇಲುವ ಸೈಕಿ, ಗುಂಪಾಗಿ ವಲಸೆ ಹೊರಡುವ ಪಯನಿಯರ್ ಮತ್ತು ಕಾಮನ್ ಗಲ್ ಚಿಟ್ಟೆಗಳ ಹುಳುಗಳು ಕಪಾರಿಸ್ ಜಾತಿಯ ಮುಳ್ಳುಪೊದೆಗಳನ್ನೂ ಅದರ ನೆಂಟ ಗಿಡಗಳನ್ನೂ ತಿನ್ನುತ್ತವೆ. ಸೈಕಿಗೆ ನಾಯಿಸಾಸಿವೆಯ ಕುಲವೂ ಆಗುತ್ತದೆ. ಈ ಗಿಡಗಳಲ್ಲೂ ಇರುವುದು ಅದೇ ಸಾಸಿವೆಯ ಖಾರ. ನುಗ್ಗೆಯಲ್ಲಿ, ಪರಂಗಿಯ ಬೀಜದಲ್ಲಿ ಕೂಡ ಅದೇ. ಒಂದು ಬೀಜ ಜಗಿದು ನೋಡಿದರೆ ಸಾಕು. ಕಾಮನ್ ಎಮಿಗ್ರೆಂಟ್ ಕಕ್ಕೆಮರದ ಕಡೆ ಹೋಯಿತು, ಜೆಜೆಬೆಲ್ ಬಂದಳಿಕೆಯನ್ನು ಹಿಡಿಯಿತು. ಇವುಗಳಲ್ಲಿ ಒಂದೂ ಎಲೆಕೋಸಿನ ತಂಟೆಗೆ ಬಂದದ್ದಲ್ಲ.

ಕೋಲಾರ, ಚಿಕ್ಕಬಳ್ಳಾಪುರದ ಕೋಸಿನ ಹೊಲದಲ್ಲಿ ಎಲೆ ತೂತು ಮಾಡುವುದು ಬೇರೆಯೇ ಜೀವಿ: ರೈತರೂ ಔಷಧಿ ಅಂಗಡಿಯವರೂ ಡಿಬಿಎಂ ಎಂದು ಕರೆಯುವ ಡೈಮಂಡ್‌ಬ್ಯಾಕ್ ಪತಂಗ. ಬೂದುಗಂದು ಬಣ್ಣದ್ದು, ಬೆರಳಿನ ಉಗುರಿಗಿಂತ ಚಿಕ್ಕದು, ಹಗಲು ಎಲೆಯಡಿ ಅಡಗಿರುವುದು. ಅದು ಸಾಸಿವೆಯ ವಿಷವನ್ನು ದಾಟುವ ಉಪಾಯವೂ ಬೇರೆ; ಘಾಟು ಹುಟ್ಟುವ ಮೊದಲೇ ಗ್ಲುಕೋಸಿನೊಲೇಟಿನಿಂದ ಗಂಧಕದ ಭಾಗವನ್ನು ಕತ್ತರಿಸಿಬಿಡುತ್ತದೆ. ಮನುಷ್ಯ ಹೊಡೆದ ವಿಷಗಳನ್ನೂ ಅದು ಹೀಗೇ ದಾಟಿದೆ: 1953ರಲ್ಲಿ ಜಾವಾದಲ್ಲಿ ಡಿಡಿಟಿಗೆ ಜಗ್ಗದಿದ್ದದ್ದು, 1990ರ ಹೊತ್ತಿಗೆ ಹವಾಯಿಯ ಹೊಲಗಳಲ್ಲಿ ಬಿಟಿ ಬ್ಯಾಕ್ಟೀರಿಯಾದ ಸಿಂಪಡಣೆಗೂ ಜಗ್ಗಲಿಲ್ಲ. ಇದರ ಹುಳುವಿಗೂ ಒಂದು ಕೊಟೇಸಿಯಾ ಇದೆ, ಬೆಂಗಳೂರಿನ ಸುತ್ತಮುತ್ತ ತಾನಾಗಿ ಇರುವಂಥದು. ಎಲೆಯ ಮೇಲೆ ಒಂಟಿಯಾಗಿ ಬಿಳಿ ಗೂಡು ನೇಯುವುದು ಅದೇ. ವಾರಕ್ಕೊಮ್ಮೆ ಕಣ್ಣುಮುಚ್ಚಿ ಔಷಧಿ ಹೊಡೆದಾಗ ಮೊದಲು ಸಾಯುವುದು ಆ ಕಣಜ, ಏಕೆಂದರೆ ವಿಷವನ್ನು ದಾಟುವ ಅಭ್ಯಾಸ ಅದರ ವಂಶಕ್ಕಿಲ್ಲ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 1990ರ ಸುಮಾರಿಗೇ ಒಂದು ದಾರಿ ತೋರಿಸಿತ್ತು. ಪ್ರತಿ 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಒಂದನ್ನು ಕೋಸು ನಾಟಿಗೆ 15 ದಿನ ಮೊದಲು, ಇನ್ನೊಂದನ್ನು ನಾಟಿಯಾದ 25 ದಿನಕ್ಕೆ ಬಿತ್ತಬೇಕು. ಪತಂಗ ಸಾಸಿವೆಗೆ ಒಲಿದು ಅಲ್ಲೇ ಮೊಟ್ಟೆಯಿಡುತ್ತದೆ. ವಿಷ ಬೇಕಿದ್ದರೆ ಆ ಎರಡು ಸಾಲಿಗೆ ಸಾಕು, ಕೋಸಿಗೆ ಬೇವಿನಬೀಜದ ಕಷಾಯ. ಎರಡು ಸಾಲು ಕೋಸು ಬಿಟ್ಟುಕೊಡಬೇಕಲ್ಲ, ಸಾಸಿವೆಯ ಬಿತ್ತನೆಯ ದಿನ ನೆನಪಿಡಬೇಕಲ್ಲ, ಕೂಲಿಯವರಿಗೆ ಹೇಳಿಕೊಡಬೇಕಲ್ಲ ಎಂಬ ರೈತನ ಗೊಣಗಾಟದಲ್ಲಿ ನ್ಯಾಯವಿದೆ. ಬಾಟಲಿಯ ಮುಚ್ಚಳ ತಿರುಗಿಸುವಷ್ಟು ಸಲೀಸಲ್ಲ ಅದು. ಆ ಶ್ರಮಕ್ಕೆ ಮಾರುಕಟ್ಟೆ ಬೆಲೆ ಕೊಡುವುದಿಲ್ಲ. ತೂತಿಲ್ಲದ ಕೋಸಿಗೆ ಮಾತ್ರ ಕೊಡುತ್ತದೆ. ಕೊಳ್ಳುವಾಗ ಹೊರ ಎಲೆಯ ಒಂದು ತೂತನ್ನೂ ಸಹಿಸದ ನಾವು ಈ ಲೆಕ್ಕದಿಂದ ಹೊರಗಿದ್ದೇವೆಂದು ತಿಳಿದಿದ್ದೇವೆ. ಮೇಲೆ ಹೇಳಿದ ಮೂರು ಪ್ರಶ್ನೆಗಳಿಗೆ ನಾಲ್ಕನೆಯದೊಂದು ಸೇರಬೇಕು: ಪೀಡೆ ಎಂದು ಸಾರುವವನು ಕೋಸನ್ನು ಯಾವ ದರಕ್ಕೆ, ಎಷ್ಟು ನುಣುಪಾಗಿ ಕೇಳುತ್ತಿದ್ದಾನೆ?